ಬೆರಳು ಓದುವ ಗುಂಡಿ

ಬೇಸಗೆಯ ಒಂದು ರಾತ್ರಿ. ಮನೆಮಂದಿಯೆಲ್ಲ ಮಲಗಿದ್ದಾರೆ. ದೀಪ ಆರಿದೆ. ಬೆಳಗಿನ ಜಾವದ ತಂಪಿಗೆ ಎಚ್ಚರಗೊಂಡ ಯಾರೋ ಒಬ್ಬರು ದೀಪ ಹಾಕದೆಯೇ ಎದ್ದು, ಗೋಡೆಯನ್ನು ತಡವಿ, ಫ್ಯಾನಿನ ರೆಗ್ಯುಲೇಟರನ್ನು ಹಿಡಿದು ‘ಟಕ್, ಟಕ್’ ಎಂದು ಎರಡು ಬಾರಿ ತಿರುಗಿಸುತ್ತಾರೆ. ಫ್ಯಾನಿನ ವೇಗ ಇಳಿಯುತ್ತದೆ. ಅವರು ಹಾಸಿಗೆಗೆ ಮರಳುತ್ತಾರೆ. ಯಾರ ನಿದ್ದೆಯೂ ಕೆಡುವುದಿಲ್ಲ.

ಇಷ್ಟೆಲ್ಲ ನಡೆದುದು ಕಣ್ಣಿನ ನೆರವಿಲ್ಲದೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಗುಂಡಿ ಇರುವ ಎಡೆಯನ್ನು ಕೈ ಬಲ್ಲದು. ಅದನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಮಣಿಕಟ್ಟು ಬಲ್ಲದು. ಎಷ್ಟು ತಿರುಗಿತೆಂಬುದನ್ನು ಆ ಸಣ್ಣ ಸದ್ದೂ ಬೆರಳಿನ ತುದಿಗೆ ತಾಗುವ ಸಣ್ಣ ಮಿಡಿತವೂ ತಿಳಿಸುತ್ತವೆ. ಹೀಗೆ ಕೈ ತಾನೇ ಕಣ್ಣಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಇದು ಒಂದು ಅನುಕೂಲ ಮಾತ್ರ. ಆದರೆ ಓಡುತ್ತಿರುವ ವಾಹನದಲ್ಲಿ ಇದು ಪ್ರಾಣವನ್ನು ಕಾಯುವ ಗುಣ. ಕಾರು, ಬಸ್ಸು, ಲಾರಿಗಳಲ್ಲಿ ಚಾಲಕನ ಮುಂದಿರುವ ಫಲಕಕ್ಕೆ ಡ್ಯಾಷ್‌ಬೋರ್ಡ್ ಎಂದು ಹೆಸರು. ಅದರ ಮೇಲಿನ ತಿರುಗುವ ಗುಂಡಿಯೊಂದನ್ನು ರೂಪಿಸುವುದು ನಾವು ತಿಳಿದುಕೊಂಡಷ್ಟು ಸಣ್ಣ ಕೆಲಸವಲ್ಲ. ಅದರ ಹಿಂದೆ ಯಂತ್ರಶಾಸ್ತ್ರವಿದೆ, ವಿದ್ಯುಚ್ಛಾಸ್ತ್ರವಿದೆ. ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯನ ಕೈ, ಕಣ್ಣು, ಮನಸ್ಸುಗಳ ಸ್ವಭಾವವನ್ನು ಕುರಿತ ಅರಿವಿದೆ.

ಮಳೆಗಾಲದ ಸಂಜೆಯಲ್ಲಿ ಆಗುಂಬೆಯ ಘಾಟಿಯನ್ನು ಇಳಿಯುತ್ತಿರುವ ಕಾರೊಂದನ್ನು ಕಲ್ಪಿಸಿಕೊಳ್ಳಿ. ಹೊರಗೆ ಧಾರಾಕಾರವಾದ ಮಳೆ. ಕಾರಿನೊಳಗೆ ಕುಳಿತ ನಾಲ್ವರ ಉಸಿರಿನ ತೇವ ತಣ್ಣಗಿರುವ ಮುಂದಿನ ಗಾಜಿಗೆ ತಾಗಿ ಮಂಜಿನಂತೆ ಕೂತಿದೆ. ದಾರಿ ಮಸುಕಾಗುತ್ತಿದೆ. ಎದುರಿನ ತಿರುವಿನಿಂದ ವಾಹನವೊಂದರ ಬೆಳಕು ಮೇಲಕ್ಕೆ ಬರುತ್ತಿದೆ. ಚಾಲಕ ಈಗ ಗಾಳಿಯನ್ನು ಗಾಜಿನ ಕಡೆಗೆ ಹೊರಳಿಸಬೇಕು, ಅದರ ವೇಗವನ್ನು ಹೆಚ್ಚಿಸಬೇಕು, ಸ್ವಲ್ಪ ಬಿಸಿಯನ್ನೂ ಬೆರೆಸಬೇಕು. ಇದಕ್ಕಾಗಿ ಅನೇಕ ಕಾರುಗಳಲ್ಲಿ ಸಾಲಾಗಿ ಮೂರು ಗುಂಡಿಗಳಿರುತ್ತವೆ. ಒಂದು ಗಾಳಿಯ ವೇಗಕ್ಕೆ, ಒಂದು ಬಿಸಿ ತಂಪುಗಳಿಗೆ, ಇನ್ನೊಂದು ಗಾಳಿ ಹೋಗಬೇಕಾದ ದಿಕ್ಕಿಗೆ. ಆ ಕ್ಷಣದಲ್ಲಿ ಚಾಲಕನ ಕಣ್ಣು ಯಾವುದಕ್ಕೆ ಸೇರಿದ್ದು? ರಸ್ತೆಗೆ ಮಾತ್ರ. ಗುಂಡಿಯನ್ನು ಹುಡುಕಲು ಅದು ಕೆಳಗಿಳಿಯುವಂತಿಲ್ಲ.

ಇದನ್ನು ಲೆಕ್ಕದಿಂದಲೂ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಎರಡು ಸೆಕೆಂಡು ಚಾಲಕ ಕೆಳಗೆ ನೋಡಿದರೆ ವಾಹನ 33 ಮೀಟರುಗಳನ್ನು ಕುರುಡಾಗಿ ದಾಟಿದಂತಾಯಿತು. ಅಷ್ಟರಲ್ಲಿ ಒಂದು ಮಗು ರಸ್ತೆಗೆ ಇಳಿಯಬಹುದು. ಒಂದು ದನ ಅಡ್ಡ ಬರಬಹುದು. ವಾಹನಗಳಲ್ಲಿನ ವಿದ್ಯುನ್ಮಾನ ಸಾಧನಗಳನ್ನು ಕುರಿತು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಇಂಥ ಕೆಲಸಗಳಲ್ಲಿ ಚಾಲಕನ ಒಂದೊಂದು ನೋಟವೂ ಎರಡು ಸೆಕೆಂಡಿನೊಳಗೆ ಮುಗಿಯುವಂತಿರಬೇಕೆಂದು ಹೇಳುವುದಕ್ಕೆ ಇದೇ ಕಾರಣ. ನೋಡದೆಯೇ ಮಾಡಬಹುದಾದ ಕೆಲಸವಾದರೆ ಇನ್ನೂ ಲೇಸು.

ಕೈಗೆ ಅರ್ಥವಾಗದ ಸಾಧನದಿಂದ ಎಂಥ ಅನರ್ಥವಾಗಬಹುದೆಂಬುದನ್ನು ಜಗತ್ತು ಕಲಿತದ್ದು ರಸ್ತೆಯ ಮೇಲಲ್ಲ, ಆಕಾಶದಲ್ಲಿ. ಅದು ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ಎಂಬ ದೊಡ್ಡ ಬಾಂಬರ್ ವಿಮಾನಗಳು ಶತ್ರುವಿನ ಗುಂಡುಗಳಿಂದ ಪಾರಾಗಿ ಬಂದು, ಕ್ಷೇಮವಾಗಿ ನೆಲ ಮುಟ್ಟಿದ ಮೇಲೆ ವಿಚಿತ್ರವಾದ ಅಪಘಾತಕ್ಕೆ ಈಡಾಗುತ್ತಿದ್ದವು. ವಿಮಾನ ಇಳಿದು ಓಡುದಾರಿಯ ಮೇಲೆ ಸಾಗುತ್ತಿರುವಾಗಲೇ ಅದರ ಚಕ್ರಗಳು ಒಳಕ್ಕೆ ಮಡಚಿಕೊಂಡು, ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಯಂತ್ರದಲ್ಲಿ ದೋಷ ಕಾಣಲಿಲ್ಲ. ವಿಮಾನ ಚಾಲಕರು ನುರಿತವರು, ತರಬೇತಿ ಪಡೆದವರು. ಆದರೂ ವರದಿಗಳಲ್ಲಿ ‘ಚಾಲಕನ ತಪ್ಪು’ ಎಂಬ ಎರಡೇ ಪದಗಳಲ್ಲಿ ತೀರ್ಪು ಮುಗಿದುಹೋಗುತ್ತಿತ್ತು.

1943ರ ಸುಮಾರಿಗೆ ಈ ಸಮಸ್ಯೆ ಆಲ್ಫೋನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನ ಮುಂದೆ ಬಂದಿತು. ಅವನು ಅಮೆರಿಕದ ಓಹಿಯೋ ರಾಜ್ಯದ ರೈಟ್ ಫೀಲ್ಡ್ ಎಂಬಲ್ಲಿ ವಾಯುಪಡೆಯ ವೈದ್ಯಕೀಯ ಪ್ರಯೋಗಾಲಯದಲ್ಲಿದ್ದನು. ಚಾಲಕರ ಮನಸ್ಸಿನಲ್ಲಿ ದೋಷವನ್ನು ಹುಡುಕುವುದಕ್ಕೆ ಬದಲಾಗಿ ಅವನು ಅವರು ಕೂರುವ ಎಡೆಯನ್ನು ಪರೀಕ್ಷಿಸಿದನು. ಉತ್ತರ ಅಲ್ಲಿಯೇ ಇದ್ದಿತು. ವಿಮಾನ ಇಳಿದ ಮೇಲೆ ಚಾಲಕರು ರೆಕ್ಕೆಗಳ ಹಿಂಬದಿಯಲ್ಲಿರುವ ಫ್ಲ್ಯಾಪ್ ಎಂಬ ಹಲಗೆಗಳನ್ನು ಮೇಲೆತ್ತಬೇಕಾಗಿತ್ತು. ಆ ಹಲಗೆಗಳನ್ನು ಎತ್ತುವ ಸ್ವಿಚ್ಚೂ ಚಕ್ರಗಳನ್ನು ಎತ್ತುವ ಸ್ವಿಚ್ಚೂ ಒಂದರ ಪಕ್ಕದಲ್ಲಿ ಇನ್ನೊಂದಿದ್ದವು. ಎರಡರ ಆಕಾರವೂ ಒಂದೇ. ದಣಿದ ಚಾಲಕ, ಕಣ್ಣನ್ನು ಓಡುದಾರಿಯ ಮೇಲಿಟ್ಟು, ಕೈಯನ್ನು ಮಾತ್ರ ಚಾಚಿದಾಗ ಒಂದರ ಬದಲು ಇನ್ನೊಂದು ಬೆರಳಿಗೆ ಸಿಗುತ್ತಿತ್ತು. ಈ ಎರಡು ಸಾಧನಗಳು ಬೇರೆ ಬೇರೆ ರೀತಿಯಲ್ಲಿದ್ದ ಸಿ-47 ಎಂಬ ಇನ್ನೊಂದು ಬಗೆಯ ವಿಮಾನದಲ್ಲಿ ಇಂಥ ಅಪಘಾತಗಳು ನಡೆಯುತ್ತಿರಲಿಲ್ಲ ಎಂಬುದು ಅವನ ಊಹೆಯನ್ನು ದೃಢಪಡಿಸಿತು.

ಚಪಾನಿಸ್ ಸೂಚಿಸಿದ ಪರಿಹಾರ ಮಕ್ಕಳ ಆಟಿಕೆಯಷ್ಟು ಸರಳವಾದುದು. ಚಕ್ರಗಳ ಹಿಡಿಗೆ ರಬ್ಬರಿನ ಒಂದು ಪುಟ್ಟ ಚಕ್ರವನ್ನು ಸಿಕ್ಕಿಸುವುದು. ಫ್ಲ್ಯಾಪುಗಳ ಹಿಡಿಗೆ ರೆಕ್ಕೆಯನ್ನು ಹೋಲುವ ಬೆಣೆಯಾಕಾರದ ತುಂಡನ್ನು ಸಿಕ್ಕಿಸುವುದು. ಇಷ್ಟೇ. ಈಗ ಕತ್ತಲೆಯಲ್ಲಿ ಮುಟ್ಟಿದರೂ ‘ನಾನು ಚಕ್ರ, ನಾನು ರೆಕ್ಕೆ’ ಎಂದು ಹಿಡಿಗಳೇ ಬೆರಳಿಗೆ ಹೇಳುತ್ತಿದ್ದವು. ಇಂದಿಗೂ ಅಮೆರಿಕದ ವಿಮಾನ ನಿಯಮಗಳಲ್ಲಿ, ದೊಡ್ಡ ಪ್ರಯಾಣಿಕ ವಿಮಾನಗಳ ಈ ಎರಡು ಹಿಡಿಗಳು ಇವೇ ಆಕಾರಗಳಲ್ಲಿರಬೇಕೆಂಬ ವಿಧಿ ಉಂಟು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬಿಬ್ಬರು ವಿಮಾನ ಚಾಲಕರಿಂದ ಇಂಥ 460 ಪ್ರಸಂಗಗಳನ್ನು ಸಂಗ್ರಹಿಸಿ ವಿಂಗಡಿಸಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದು ಸಾಧನವನ್ನು ಇನ್ನೊಂದೆಂದು ತಿಳಿದು ಬಳಸಿದ ತಪ್ಪುಗಳು. ನೂರಕ್ಕೆ ಆರರಷ್ಟು, ಸರಿಯಾದ ಸಾಧನವನ್ನೇ ವಿರುದ್ಧ ದಿಕ್ಕಿಗೆ ಚಲಿಸಿದ ತಪ್ಪುಗಳು. ಆ ವರದಿಯ ಹೆಸರಿನಲ್ಲಿ ‘ಚಾಲಕನ ತಪ್ಪು’ ಎಂಬ ಮಾತನ್ನು ಅವರು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದ್ದರು. ತಪ್ಪೆಂದು ಕರೆಯುವುದರಲ್ಲಿ ಬಹುಪಾಲು ಸಾಧನವನ್ನು ರೂಪಿಸಿದವನ ಮೇಜಿನ ಮೇಲೆಯೇ ಹುಟ್ಟಿರುತ್ತದೆ ಎಂಬ ಸತ್ಯವನ್ನು ಆ ಎರಡು ಸಣ್ಣ ಚಿಹ್ನೆಗಳು ಸಾರಿದವು. ಅದೇ ವರ್ಷ ಜೆಂಕಿನ್ಸ್ ಎಂಬ ವಿದ್ವಾಂಸನು ಬಗೆಬಗೆಯ ಆಕಾರದ ಗುಂಡಿಗಳನ್ನು ನೋಡಲು ಬಿಡದೆ, ಬರಿಯ ಸ್ಪರ್ಶದಿಂದ ಗುರುತಿಸುವಂತೆ ಚಾಲಕರಿಗೆ ಹೇಳಿ, ಯಾವ ಆಕಾರಗಳು ಒಂದರೊಡನೊಂದು ಬೆರೆತುಹೋಗುವುದಿಲ್ಲ ಎಂಬುದನ್ನು ಆರಿಸಿ ತೆಗೆದನು.

ಆಕಾಶದಲ್ಲಿ ಕಲಿತ ಈ ಪಾಠ ನೆಲದ ವಾಹನಗಳಿಗೂ ಸಲ್ಲುತ್ತದೆ. ಕಾರಿನ ಗುಂಡಿಯನ್ನು ರೂಪಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇದು ನೋಡಲು ಚೆನ್ನಾಗಿದೆಯೇ?’ ಎಂಬುದಲ್ಲ, ‘ಇದನ್ನು ನೋಡದೆ ಬಳಸಬಹುದೇ?’ ಎಂಬುದು. ಗುಂಡಿಗಳು ಒಂದಕ್ಕೊಂದು ತೀರ ಹತ್ತಿರವಿದ್ದರೆ ಒಂದನ್ನು ತಿರುಗಿಸುವಾಗ ಪಕ್ಕದ್ದೂ ತಿರುಗೀತು. ಆದುದರಿಂದ ಎರಡರ ನಡುವೆ ಬೆರಳುಗಳು ಸಲೀಸಾಗಿ ಇಳಿಯುವಷ್ಟು ತೆರಪಿರಬೇಕು. ಗುಂಡಿಯ ಅಂಚು ನುಣ್ಣಗಿದ್ದರೆ ಬೆವರಿದ ಕೈಯಿಂದ ಜಾರುತ್ತದೆ. ಆದುದರಿಂದ ಅಂಚಿನ ಸುತ್ತ ಸಣ್ಣ ಗೀರುಗಳನ್ನು ಕೊರೆಯುತ್ತಾರೆ. ಬೇರೆ ಬೇರೆ ಕೆಲಸದ ಗುಂಡಿಗಳು ಗಾತ್ರದಲ್ಲಿಯೋ ಅಂಚಿನಲ್ಲಿಯೋ ಇರುವ ಎಡೆಯಲ್ಲಿಯೋ ಬೇರೆಯಾಗಿದ್ದರೆ ಕೈಗೆ ಗೊಂದಲವಿಲ್ಲ.

ಇನ್ನು ಗುಂಡಿಯ ಒಳಗನ್ನು ನೋಡೋಣ. ‘ಟಕ್’ ಎಂಬ ಆ ಸದ್ದು ಎಲ್ಲಿಂದ ಬರುತ್ತದೆ? ಗುಂಡಿಯ ನಡುವಿನ ಕಡ್ಡಿಯೊಡನೆ ತಿರುಗುವ ಒಂದು ಬಿಲ್ಲೆಯಿರುತ್ತದೆ. ಅದರ ಮೇಲೆ ಅಲೆಗಳಂತೆ ಸಾಲಾಗಿ ಕಚ್ಚುಗಳಿರುತ್ತವೆ. ಒಂದು ಪುಟ್ಟ ಉಕ್ಕಿನ ಗುಂಡನ್ನು ಸ್ಪ್ರಿಂಗು ಆ ಕಚ್ಚಿನೊಳಕ್ಕೆ ಒತ್ತಿ ಹಿಡಿದಿರುತ್ತದೆ. ಬೆರಳು ಗುಂಡಿಯನ್ನು ತಿರುಗಿಸತೊಡಗಿದಾಗ ಉಕ್ಕಿನ ಗುಂಡು ಅಲೆಯ ಏರನ್ನು ಹತ್ತಬೇಕಾಗುತ್ತದೆ; ಆಗ ಬೆರಳಿಗೆ ತಡೆ ಹೆಚ್ಚುತ್ತದೆ. ಅಲೆಯ ನೆತ್ತಿಯನ್ನು ದಾಟಿದೊಡನೆ ಸ್ಪ್ರಿಂಗು ತಾನೇ ಅದನ್ನು ಮುಂದಿನ ಕಚ್ಚಿಗೆ ತಳ್ಳಿಬಿಡುತ್ತದೆ. ತಡೆ ಥಟ್ಟನೆ ಇಳಿಯುತ್ತದೆ. ಏರು, ಇಳಿವು, ನಿಲುವು ಎಂಬ ಈ ಮೂರನ್ನೂ ಬೆರಳು ಒಂದೇ ಅನುಭವವಾಗಿ ಓದುತ್ತದೆ: ‘ಒಂದು ಹೆಜ್ಜೆ ಮುಗಿಯಿತು’ ಎಂದು.

ಈ ಏರ್ಪಾಡಿನಿಂದ ಇನ್ನೊಂದು ಲಾಭವುಂಟು. ಗುಂಡಿ ಎರಡು ನೆಲೆಗಳ ನಡುವೆ ನಿಲ್ಲಲಾರದು. ನಡುವೆ ನಿಂತರೆ ಒಳಗಿನ ಲೋಹದ ತುದಿಗಳು ಅರೆಬರೆಯಾಗಿ ಕೂಡಿ, ಕಿಡಿ ಹಾರಿ, ಸುಟ್ಟುಹೋಗಬಹುದು. ಉಕ್ಕಿನ ಗುಂಡು ಅಲೆಯ ನೆತ್ತಿಯ ಮೇಲೆ ನಿಲ್ಲಲಾರದೆ ಯಾವುದಾದರೊಂದು ಕಡೆಗೆ ಜಾರುವುದರಿಂದ, ಚಾಲಕ ಅರ್ಧ ಮನಸ್ಸಿನಿಂದ ತಿರುಗಿಸಿದರೂ ಗುಂಡಿ ಪೂರ್ಣ ಹೆಜ್ಜೆಯನ್ನೇ ಇಡುತ್ತದೆ. ಆದರೆ ತಡೆಯ ಪ್ರಮಾಣವನ್ನು ಗೊತ್ತುಮಾಡುವುದು ಸೂಕ್ಷ್ಮವಾದ ಕೆಲಸ. ಸ್ಪ್ರಿಂಗು ತೀರ ಬಿಗಿಯಾದರೆ ವಯಸ್ಸಾದವರ ಬೆರಳಿಗೆ ನೋವು. ತೀರ ಸಡಿಲವಾದರೆ ಹಳ್ಳಕೊಳ್ಳಗಳ ದಾರಿಯ ಕುಲುಕಾಟಕ್ಕೇ ಗುಂಡಿ ಜಾಗ ಬದಲಿಸೀತು.

ಎರಡು ನೆಲೆಗಳ ನಡುವಿನ ಕೋನವೂ ಕೈಯ ಶಕ್ತಿಯನ್ನೇ ಅನುಸರಿಸಬೇಕು. ಕಣ್ಣಿನಿಂದ ನೋಡಿ ತಿರುಗಿಸುವ ಗುಂಡಿಗೆ 15 ಡಿಗ್ರಿಗಳ ಅಂತರ ಸಾಕು. ನೋಡದೆ ತಿರುಗಿಸುವ ಗುಂಡಿಗಾದರೋ 30 ಡಿಗ್ರಿಗಳಾದರೂ ಬೇಕೆಂಬುದು ವಿನ್ಯಾಸಕಾರರು ಅನುಸರಿಸುವ ಒಂದು ನಿಯಮ. ಗುಂಡಿಯ ಮೇಲೆ ಮುಳ್ಳಿನಂತೆ ಚಾಚಿದ ಹಿಡಿಯಿದ್ದರೆ ಅದರ ಎರಡು ತುದಿಗಳು ಒಂದೇ ರೀತಿ ಇರಕೂಡದು. ಹಾಗಿದ್ದರೆ ಮುಂದಿನ ತುದಿ ಯಾವುದು, ಹಿಂದಿನದು ಯಾವುದು ಎಂಬುದು ಬೆರಳಿಗೆ ತಿಳಿಯದೆ, ಗುಂಡಿ ಸೂಚಿಸುವುದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಮನಸ್ಸು ಗ್ರಹಿಸೀತು.

ತಿರುಗಿಸುವ ದಿಕ್ಕಿನ ವಿಷಯವೂ ಸ್ವಾರಸ್ಯವಾದುದು. ರೇಡಿಯೋ ಗುಂಡಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸದ್ದು ಹೆಚ್ಚುತ್ತದೆ. ಆದರೆ ನೀರಿನ ನಲ್ಲಿಯನ್ನು ಅದೇ ದಿಕ್ಕಿಗೆ ತಿರುಗಿಸಿದರೆ ನೀರು ನಿಲ್ಲುತ್ತದೆ. ಎರಡೂ ನಮಗೆ ವಿಚಿತ್ರವೆನಿಸುವುದಿಲ್ಲ. ಏಕೆಂದರೆ ಬಾಲ್ಯದಿಂದ ಬಂದ ಅಭ್ಯಾಸದಿಂದ ಕೈ ಎರಡು ಬೇರೆ ಬೇರೆ ನಿಯಮಗಳನ್ನು ಕಲಿತುಕೊಂಡಿದೆ. ವಿದ್ಯುತ್ತಿನ ಗುಂಡಿಯೆಂದರೆ ಬಲಕ್ಕೆ ತಿರುಗಿಸಿದಷ್ಟೂ ಹೆಚ್ಚು ಎಂದು ಜನ ನಿರೀಕ್ಷಿಸುತ್ತಾರೆ. ವಾಹನದ ವಿನ್ಯಾಸಕಾರನು ಈ ನಿರೀಕ್ಷೆಯನ್ನು ಗೌರವಿಸಬೇಕೇ ಹೊರತು ತನ್ನ ಜಾಣ್ಮೆಯನ್ನು ತೋರಲು ಅದನ್ನು ಮುರಿಯಬಾರದು. ಗಾಬರಿಯ ಕ್ಷಣದಲ್ಲಿ ಮನುಷ್ಯ ಹೊಸದಾಗಿ ಕಲಿತದ್ದನ್ನು ಮರೆತು ಹಳೆಯ ಅಭ್ಯಾಸಕ್ಕೆ ಮರಳುತ್ತಾನೆ. ಗಾಬರಿಯ ಕ್ಷಣದಲ್ಲಿಯೇ ಅಲ್ಲವೇ ಗುಂಡಿ ಸರಿಯಾಗಿ ತಿರುಗಬೇಕಾದುದು?

ವಿದ್ಯುತ್ತಿನ ಕಡೆಯ ಕೆಲಸವೂ ಕಡಮೆಯದಲ್ಲ. ಸಾಮಾನ್ಯ ಕಾರಿನ ಬ್ಯಾಟರಿಯ ಒತ್ತಡ 12 ವೋಲ್ಟು. ಗಾಳಿ ಬೀಸುವ ಮೋಟಾರು ಪೂರ್ಣ ವೇಗದಲ್ಲಿ ತಿರುಗುವಾಗ ಹತ್ತು ಆಂಪಿಯರಿಗೂ ಮೀರಿದ ವಿದ್ಯುತ್ತನ್ನು ಎಳೆದುಕೊಳ್ಳಬಲ್ಲದು. ಸರಳವಾದ ಕಾರುಗಳಲ್ಲಿ ಗುಂಡಿಯ ಒಂದೊಂದು ನೆಲೆಯೂ ವಿದ್ಯುತ್ತನ್ನು ಒಂದೊಂದು ದಾರಿಗೆ ಹಚ್ಚುತ್ತದೆ. ಮೊದಲ ನೆಲೆಯಲ್ಲಿ ವಿದ್ಯುತ್ತು ಹೆಚ್ಚು ರೋಧವುಳ್ಳ ತಂತಿಗಳ ಮೂಲಕ ಹಾದುಹೋಗುವುದರಿಂದ ಮೋಟಾರು ನಿಧಾನವಾಗಿ ತಿರುಗುತ್ತದೆ. ಮುಂದಿನ ನೆಲೆಗಳಲ್ಲಿ ರೋಧ ಕಡಮೆಯಾಗುತ್ತಾ ಬಂದು, ಕೊನೆಯ ನೆಲೆಯಲ್ಲಿ ಯಾವ ರೋಧವೂ ಇಲ್ಲದೆ ವಿದ್ಯುತ್ತು ನೇರವಾಗಿ ಮೋಟಾರನ್ನು ಸೇರುತ್ತದೆ. ಹಳೆಯ ಕಾರುಗಳಲ್ಲಿ ಕೆಲವೊಮ್ಮೆ ಫ್ಯಾನು ಕೊನೆಯ ವೇಗದಲ್ಲಿ ಮಾತ್ರ ತಿರುಗಿ, ಉಳಿದ ನೆಲೆಗಳಲ್ಲಿ ಸುಮ್ಮನಿರುವುದನ್ನು ಕಾಣಬಹುದು. ರೋಧದ ತಂತಿ ಸುಟ್ಟುಹೋಗಿ, ನೇರವಾದ ದಾರಿಯೊಂದೇ ಉಳಿದಿದೆ ಎಂಬುದು ಇದರ ಸಾಮಾನ್ಯ ಕಾರಣ.

ಗುಂಡಿಯೊಳಗಿನ ಲೋಹದ ತುದಿಗಳು ಒಂದನ್ನೊಂದು ಮುಟ್ಟಿದರೆ ಸಾಲದು, ಸ್ವಲ್ಪ ಉಜ್ಜಿಕೊಳ್ಳಬೇಕು. ಹೀಗೆ ಉಜ್ಜುವುದರಿಂದ ಅವುಗಳ ಮೇಲೆ ಕೂತ ಧೂಳೂ ಕಿಲುಬೂ ಅಳಿಸಿಹೋಗುತ್ತವೆ. ಪ್ರತಿಸಲದ ಬಳಕೆಯೇ ಒಂದು ಶುಚಿಕಾರ್ಯವಾಗುತ್ತದೆ. ಬಿಸಿಲಿನಲ್ಲಿ ನಿಂತ ವಾಹನದ ಫಲಕ ಮುಟ್ಟಲಾರದಷ್ಟು ಕಾಯುತ್ತದೆ. ಹಿಮದ ನಾಡಿನಲ್ಲಿ ಅದೇ ಫಲಕ ಕೊರೆಯುತ್ತದೆ. ಎರಡೂ ಕಡೆ ಗುಂಡಿ ಒಂದೇ ಬಗೆಯಾಗಿ ತಿರುಗಬೇಕು. ಆದುದರಿಂದ ತಯಾರಕರು ಮಾದರಿಯ ಗುಂಡಿಗಳನ್ನು ಬಿಸಿಗೂಡಿನಲ್ಲಿಯೂ ಶೀತಗೂಡಿನಲ್ಲಿಯೂ ಇರಿಸಿ, ಯಂತ್ರದಿಂದ ಸಾವಿರಾರು ಸಲ ತಿರುಗಿಸಿ, ಮೊದಲ ದಿನದ ‘ಟಕ್’ ಕೊನೆಯ ದಿನವೂ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ.

ಗುಂಡಿ ಕೆಲಸ ಮಾಡಬೇಕಾದುದು ಎಷ್ಟು ಮುಖ್ಯವೋ ಅದು ಗಾಯ ಮಾಡದಿರುವುದೂ ಅಷ್ಟೇ ಮುಖ್ಯ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕ್ಲೇರ್ ಸ್ಟ್ರೇತ್ ಎಂಬ ಶಸ್ತ್ರವೈದ್ಯನಿದ್ದನು. ಅಪಘಾತದಲ್ಲಿ ಜಜ್ಜಿಹೋದ ಮುಖಗಳನ್ನು ಮತ್ತೆ ಕೂಡಿಸುವುದು ಅವನ ಕಸಬು. ಡ್ಯಾಷ್‌ಬೋರ್ಡಿನಿಂದ ಮುಂಚಾಚಿದ ಲೋಹದ ಗುಂಡಿಗಳೂ ಹಿಡಿಗಳೂ ಜನರ ಕೆನ್ನೆ, ಹಣೆ, ಕಣ್ಣುಗಳನ್ನು ಸೀಳುವುದನ್ನು ಅವನು ದಿನವೂ ಕಂಡನು. ಗಾಯವನ್ನು ಹೊಲಿದು ಸುಮ್ಮನಾಗದೆ ಅವನು ಕಾರಿನ ತಯಾರಕರ ಬಾಗಿಲಿಗೆ ಹೋದನು. ಅವನ ಒತ್ತಾಯದ ಫಲವಾಗಿ 1937ರ ಡಾಡ್ಜ್ ಕಾರಿನಲ್ಲಿ ಗುಂಡಿಗಳು ಫಲಕದ ಒಳಕ್ಕೆ ತಗ್ಗಿಸಲ್ಪಟ್ಟವು. ಆದರೆ ಇಂಥ ಎಚ್ಚರಿಕೆ ಎಲ್ಲ ಕಾರುಗಳಿಗೂ ಕಾನೂನಾಗಿ ಬರಲು ಮೂವತ್ತು ವರ್ಷಗಳು ಹಿಡಿದವು. 1968ರ ಜನವರಿಯಿಂದ ಅಮೆರಿಕದಲ್ಲಿ, ಮುಖ್ಯವಾದ ಗುಂಡಿಗಳು ಚಾಲಕನ ಕೈಗೆ ಎಟಕುವಂತಿರಬೇಕು, ಗುರುತು ಹಾಕಲ್ಪಟ್ಟಿರಬೇಕು ಮತ್ತು ಕಾರಿನ ಒಳಭಾಗ ಅಪಘಾತದಲ್ಲಿ ಪ್ರಯಾಣಿಕರಿಗೆ ಕಡಮೆ ಗಾಯವಾಗುವಂತಿರಬೇಕು ಎಂಬ ನಿಯಮಗಳು ಜಾರಿಗೆ ಬಂದವು.

ಕಾಲ ಬದಲಾಯಿತು. ಡ್ಯಾಷ್‌ಬೋರ್ಡಿನ ಮೇಲೆ ಕೆಲಸಗಳು ಹೆಚ್ಚಿದಂತೆ ಗುಂಡಿಗಳೂ ಹೆಚ್ಚಿದವು. 2001ರಲ್ಲಿ ಬಿ.ಎಂ.ಡಬ್ಲ್ಯೂ. ಸಂಸ್ಥೆಯು ತನ್ನ ದೊಡ್ಡ ಕಾರಿನಲ್ಲಿ ಅನೇಕ ಗುಂಡಿಗಳ ಕೆಲಸವನ್ನು ಒಂದೇ ದೊಡ್ಡ ತಿರುಗುವ ಗುಂಡಿಗೆ ವಹಿಸಿತು. ಗುಂಡಿಯನ್ನು ತಿರುಗಿಸಿದಂತೆ ಮುಂದಿನ ಪರದೆಯ ಮೇಲೆ ಕೆಲಸಗಳ ಪಟ್ಟಿ ಸರಿಯುತ್ತಿತ್ತು. ಒಂದೇ ಗುಂಡಿ ಎಲ್ಲವೂ ಆದಾಗ, ಈ ಗಳಿಗೆಯಲ್ಲಿ ಅದು ಏನಾಗಿದೆ ಎಂಬುದನ್ನು ತಿಳಿಯಲು ಪರದೆಯನ್ನೇ ನೋಡಬೇಕಾಯಿತು. ಕೈಯ ಕೆಲಸ ಮತ್ತೆ ಕಣ್ಣಿಗೆ ಬಂದಿತು. ಅದಕ್ಕೆ ಬಳಕೆದಾರರಿಂದ ಟೀಕೆಯೂ ಬಂದಿತು. ಮುಂದಿನ ವರ್ಷಗಳಲ್ಲಿ ಅದರ ಸುತ್ತ ಬೇರೆ ಗುಂಡಿಗಳು ಸೇರಿಕೊಂಡವು. ಅನಂತರ ಮುಟ್ಟುಪರದೆಗಳು ಬಂದು ಅನೇಕ ಕಾರುಗಳಲ್ಲಿ ಗುಂಡಿಗಳನ್ನೇ ತೊಡೆದುಹಾಕಿದವು.

ಮುಟ್ಟುಪರದೆಗೆ ಅದರದೇ ಆದ ಗುಣಗಳಿವೆ. ಒಂದೇ ಗಾಜಿನ ಮೇಲೆ ನಕ್ಷೆ, ಸಂಗೀತ, ದೂರವಾಣಿ ಎಲ್ಲವನ್ನೂ ತೋರಿಸಬಹುದು. ಹೊಸ ಕೆಲಸವನ್ನು ಸೇರಿಸಲು ಹೊಸ ಗುಂಡಿಯನ್ನು ತಯಾರಿಸಬೇಕಾಗಿಲ್ಲ. ಅಕ್ಷರಗಳನ್ನು ಬೇಕಾದ ಭಾಷೆಗೆ ಬದಲಿಸಬಹುದು. ಇಷ್ಟಿದ್ದರೂ ಗಾಜಿಗೆ ಏರಿಲ್ಲ, ತಗ್ಗಿಲ್ಲ, ಅಂಚಿಲ್ಲ, ಕಚ್ಚಿಲ್ಲ. ಬೆರಳಿಗೆ ಅದು ಬರೆಯದ ಹಾಳೆಯಂತೆ. ಅದನ್ನು ಓದಬಲ್ಲದ್ದು ಕಣ್ಣು ಮಾತ್ರ.

2022ರಲ್ಲಿ ಸ್ವೀಡನ್ ದೇಶದ ಒಂದು ಮೋಟಾರು ಪತ್ರಿಕೆಯವರು ವಿಮಾನ ನಿಲ್ದಾಣವೊಂದರ ಬಯಲಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಹೋಗುತ್ತಾ, ಗಾಳಿ, ರೇಡಿಯೋ ಮೊದಲಾದವುಗಳಿಗೆ ಸಂಬಂಧಿಸಿದ ಕೆಲವು ಕೆಲಸಗಳನ್ನು ಚಾಲಕರು ಮಾಡಬೇಕಾಗಿತ್ತು. ಹೊಸ ಕಾರುಗಳೊಡನೆ, ಗುಂಡಿಗಳನ್ನುಳ್ಳ 2005ರ ಒಂದು ಹಳೆಯ ವೋಲ್ವೋ ಕಾರೂ ಸ್ಪರ್ಧೆಯಲ್ಲಿತ್ತು. ಹಳೆಯ ಕಾರಿನ ಚಾಲಕ ಎಲ್ಲ ಕೆಲಸಗಳನ್ನೂ 10 ಸೆಕೆಂಡುಗಳಲ್ಲಿ ಮುಗಿಸಿದನು; ಅಷ್ಟರಲ್ಲಿ ಕಾರು 306 ಮೀಟರು ಸಾಗಿತ್ತು. ಅತ್ಯಂತ ಹಿಂದೆ ಬಿದ್ದ ಹೊಸ ಕಾರಿನಲ್ಲಿ ಅದೇ ಕೆಲಸಗಳಿಗೆ 40 ಸೆಕೆಂಡುಗಳಿಗೂ ಮಿಕ್ಕಿ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಕಾರು ಒಂದು ಕಿಲೋಮೀಟರಿಗಿಂತಲೂ ಮುಂದೆ ಹೋಗಿತ್ತು.

ಇಂಥ ಅನುಭವಗಳಿಂದ ಗಾಳಿ ಮತ್ತೆ ಗುಂಡಿಯ ಕಡೆಗೆ ಬೀಸಿತು. ಹೊಸ ಕಾರುಗಳ ಸುರಕ್ಷತೆಯನ್ನು ಅಳೆದು ನಕ್ಷತ್ರಗಳನ್ನು ಕೊಡುವ ಯೂರೋ ಎನ್‌ಕ್ಯಾಪ್ ಎಂಬ ಸಂಸ್ಥೆಯು, ತಿರುವಿನ ದೀಪ, ಅಪಾಯದ ದೀಪ, ವೈಪರು, ಹಾರನ್ನು, ತುರ್ತು ಕರೆ ಎಂಬ ಐದು ಕೆಲಸಗಳಿಗೆ ಕೈಯಿಂದ ಮುಟ್ಟಿ ತಿಳಿಯಬಹುದಾದ ಪ್ರತ್ಯೇಕ ಸಾಧನಗಳಿರುವ ಕಾರುಗಳಿಗೆ ಅಂಕ ಕೊಡುವ ನಿಯಮವನ್ನು 2026ರಿಂದ ತಂದಿತು. ಪರದೆ ಬೇಡವೆಂದು ಇದರ ಅರ್ಥವಲ್ಲ. ನಿಂತಾಗ ಮಾಡುವ ಕೆಲಸ ಪರದೆಗೆ, ಓಡುವಾಗ ಮಾಡುವ ಕೆಲಸ ಗುಂಡಿಗೆ ಎಂಬ ವಿವೇಕ ಬೇಕೆಂದು ಅರ್ಥ.

ನಾವು ದಿನವೂ ಬಳಸುವ ವಸ್ತುಗಳಲ್ಲಿ ಅತ್ಯುತ್ತಮವಾದವು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಸರಿಯಾಗಿ ರೂಪುಗೊಂಡ ಗುಂಡಿ ಚಾಲಕನಿಂದ ಹೊಗಳಿಕೆಯನ್ನು ಪಡೆಯುವುದಿಲ್ಲ. ಘಾಟಿಯ ತಿರುವಿನಲ್ಲಿ ಅವನ ಕೈ ಅದನ್ನು ತಾನೇ ಕಂಡುಕೊಳ್ಳುತ್ತದೆ, ‘ಟಕ್’ ಎನ್ನುತ್ತದೆ, ಗಾಜು ತಿಳಿಯಾಗುತ್ತದೆ, ಎದುರಿನ ವಾಹನಕ್ಕೆ ದಾರಿ ಬಿಟ್ಟು ಕಾರು ಮುಂದೆ ಸಾಗುತ್ತದೆ. ಅದನ್ನು ರೂಪಿಸಿದವನ ಹೆಸರು ಕಾರಿನಲ್ಲಿ ಕುಳಿತ ನಾಲ್ವರಲ್ಲಿ ಯಾರಿಗೂ ತಿಳಿಯದು. ಆದರೆ ಅವರು ಮನೆ ಸೇರಿದ್ದರಲ್ಲಿ ಅವನ ಪಾಲೂ ಇದೆ. ಯಾವನಾದರೂ ಒಂದು ಸಾಧನವನ್ನು ಬಳಸುವಾಗ ತಪ್ಪಿದರೆ ಅವನನ್ನು ಹಳಿಯುವ ಮೊದಲು ಆ ಸಾಧನವನ್ನೊಮ್ಮೆ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನೋಡುವುದು ನ್ಯಾಯ. ಮುಂದೊಂದು ದಿನ ನಿಮ್ಮಲ್ಲಿ ಕೆಲವರು ಯಂತ್ರಗಳನ್ನು ರೂಪಿಸುವವರಾಗಬಹುದು. ಆಗ ಈ ಮಾತು ನೆನಪಿನಲ್ಲಿರಲಿ.

ಪದಗಳ ಅರ್ಥ

ಎಡೆ – ಸ್ಥಳ, ಜಾಗ
ಮಿಗಿಲು – ಹೆಚ್ಚು
ಧಾರಾಕಾರ – ಎಡೆಬಿಡದೆ ಸುರಿಯುವ
ಅನರ್ಥ – ಕೇಡು
ನುರಿತ – ಪಳಗಿದ
ಬೆಣೆ – ಒಂದು ತುದಿ ದಪ್ಪಗೂ ಇನ್ನೊಂದು ತುದಿ ತೆಳ್ಳಗೂ ಇರುವ ತುಂಡು
ತೆರಪು – ಬಿಡುವು, ಖಾಲಿ ಜಾಗ
ಕಚ್ಚು – ಅಂಚಿನಲ್ಲಿ ಮಾಡಿದ ತಗ್ಗು
ರೋಧ – ತಡೆ
ಕಿಲುಬು – ಲೋಹದ ಮೇಲೆ ಕಟ್ಟುವ ಮಲಿನ ಪದರ
ಹಳಿ – ನಿಂದಿಸು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಎರಡು ಸೆಕೆಂಡುಗಳಲ್ಲಿ ಎಷ್ಟು ದೂರ ಸಾಗುತ್ತದೆ?
2. ಚಕ್ರಗಳ ಹಿಡಿಗೆ ಚಪಾನಿಸ್ ಏನನ್ನು ಸಿಕ್ಕಿಸಲು ಸೂಚಿಸಿದನು?
3. ಸ್ವಿಚ್ಚಿನೊಳಗಿನ ಲೋಹದ ತುದಿಗಳು ಏಕೆ ಉಜ್ಜಿಕೊಳ್ಳಬೇಕು?
4. ಕ್ಲೇರ್ ಸ್ಟ್ರೇತನ ವೃತ್ತಿ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಿ-17 ವಿಮಾನಗಳ ಅಪಘಾತಕ್ಕೆ ನಿಜವಾದ ಕಾರಣವೇನು? ಅದು ಹೇಗೆ ತಿಳಿಯಿತು?
2. ಗುಂಡಿಯಿಂದ ‘ಟಕ್’ ಎಂಬ ಸದ್ದು ಹುಟ್ಟುವ ಬಗೆಯನ್ನು ವಿವರಿಸಿರಿ.
3. ಮುಟ್ಟುಪರದೆಯ ಗುಣದೋಷಗಳನ್ನು ತಿಳಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ.
1. “ಬೆರಳಿಗೆ ಅದು ಬರೆಯದ ಹಾಳೆಯಂತೆ.”
2. “ಗಾಯವನ್ನು ಹೊಲಿದು ಸುಮ್ಮನಾಗದೆ ಅವನು ಕಾರಿನ ತಯಾರಕರ ಬಾಗಿಲಿಗೆ ಹೋದನು.”

ಈ. ಮಾಡಿ ನೋಡಿರಿ.
ನಿಮ್ಮ ಮನೆಯ ಫ್ಯಾನಿನ ರೆಗ್ಯುಲೇಟರನ್ನು ಕಣ್ಣು ಮುಚ್ಚಿಕೊಂಡು ತಿರುಗಿಸಿರಿ. ಅದು ಎಷ್ಟನೆಯ ನೆಲೆಯಲ್ಲಿದೆ ಎಂಬುದನ್ನು ಬೆರಳಿನಿಂದಲೇ ಹೇಳಬಲ್ಲಿರಾ? ಹೇಳಲಾಗದಿದ್ದರೆ ಅದರಲ್ಲಿ ಯಾವ ಬದಲಾವಣೆ ಬೇಕೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.